ಯಾರಿಂದ ಬಂತು

"ಯಾರಿಂದ ಬಂತು?" ಎಂದ ಗುಮಾಸ್ತ.

ಬಸ್ಸಿಗೆ ಬಂದೆಯಾ, ನಡೆದು ಬಂದೆಯಾ ಎಂದು ಕೇಳುವ ದನಿ. ತಲೆ ಎತ್ತಲಿಲ್ಲ. ಪೆನ್ನು ಮಾತ್ರ ಎತ್ತಿ ಹಿಡಿದಿದ್ದ.

"ಏನು ಯಾರಿಂದ?" ಎಂದೆ.

"ಕಾಯಿಲೆ ಕಣಮ್ಮ. ಯಾವನಿಂದ ಅಂಟಿಸ್ಕೊಂಡೆ? ಬೇಗ ಹೆಸರು ಹೇಳು. ನಿನ್ನ ಹಿಂದೆ ಇನ್ನೂ ಹನ್ನೊಂದು ಜನ ಇದ್ದಾರೆ."

ನನಗೆ ನಲವತ್ತೊಂಬತ್ತು ವರ್ಷ. ಮದುವೆಯಾಗಿಲ್ಲ. ಯಾರೊಂದಿಗೂ ಸಂಬಂಧವಿಲ್ಲ. ಗಂಡಸಿನ ಉಸಿರು ನನ್ನ ಕತ್ತಿಗೆ ತಾಗಿದ್ದರೆ ಅದು ಬಸ್ಸಿನ ನೂಕುನುಗ್ಗಲಲ್ಲಿ ಮಾತ್ರ. ಅದನ್ನೇ ಹೇಳಿದೆ. ಬೆಂಚಿನ ಮೇಲಿದ್ದ ಹೆಂಗಸರು ಕಿಸಕ್ಕೆಂದರು. ಗುಮಾಸ್ತನೂ ನಕ್ಕ.

"ಎಲ್ಲರೂ ಹೇಳೋದು ಇದನ್ನೇ. ಹಾಗಾದ್ರೆ ಗಾಳೀಲಿ ತೇಲ್ಕೊಂಡು ಬಂತಾ?"

ಉಣ್ಣದ ಊಟದ ಎಂಜಲು ಬಳಿ ಎಂದ ಹಾಗಾಯಿತು ನನಗೆ. ಸುಖ ಕಂಡಿಲ್ಲ, ಅದರ ಕಾಯಿಲೆ ಮಾತ್ರ ನನ್ನ ಪಾಲಿಗೆ. 

ಈ ಹೆರಿಗೆ ಆಸ್ಪತ್ರೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಆಯಾ. ಹುಟ್ಟಿದ ಮಕ್ಕಳಿಗೆ ಸ್ನಾನ ಮಾಡಿಸುವುದು ನನ್ನ ಕೆಲಸ. ಎಲ್ಲರೂ ನೀರಕ್ಕ ಎಂದೇ ಕರೆಯುತ್ತಾರೆ. ಬೆಳಗ್ಗೆ ಆರಕ್ಕೆ ಹಂಡೆಗೆ ನೀರು ತುಂಬುತ್ತೇನೆ. ಕಾದ ಮೇಲೆ ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡುತ್ತೇನೆ. ಬೆರಳು ಸುಳ್ಳು ಹೇಳುತ್ತದೆ, ಮೊಣಕೈ ಹೇಳುವುದಿಲ್ಲ. ಮಣೆಯ ಮೇಲೆ ಕೂತು ಕಾಲು ಚಾಚುತ್ತೇನೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತೇನೆ. ನನ್ನ ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ಬಾಗಿದೆ, ಕುಡುಗೋಲಿನ ಹಾಗೆ. ಚಿಕ್ಕಂದಿನಿಂದ ಕುಂಟುತ್ತೇನೆ. ಆದರೆ ಆ ತಗ್ಗಿನಲ್ಲಿ ಮಗು ಜಾರದೆ ಕೂರುತ್ತದೆ. ಎಷ್ಟು ಜೋಲುವ ಕೂಸೂ ಅಲ್ಲಿ ನಿಲ್ಲುತ್ತದೆ. "ನಿನ್ನ ಕಾಲನ್ನ ದೇವರು ತೊಟ್ಟಿಲು ಮಾಡಿ ಕೊಟ್ಟಿದ್ದಾನೆ ಕಣೇ" ಎಂದು ದೊಡ್ಡ ಸಿಸ್ಟರು ಬಂದವರಿಗೆಲ್ಲ ತೋರಿಸುತ್ತಿದ್ದರು. ಈ ಊರಿನ ಅರ್ಧ ಜನರ ಮೊದಲ ಅಳು ನಿಂತಿದ್ದು ಈ ಸೊಟ್ಟ ಕಾಲಿನ ಮೇಲೆ.

ನನ್ನದು ಅಂತ ಒಂದು ಮಗು ಇಲ್ಲ. ಇದ್ದ ಸಂತೋಷ ಅದೊಂದೇ, ಆ ಅರ್ಧ ಗಂಟೆ. ಒದ್ದೆ ಮಗು ಬೆರಳು ಹಿಡಿದುಕೊಳ್ಳುತ್ತದೆ. ನಾನು ಯಾರು ಎಂದು ಕೇಳುವುದಿಲ್ಲ.

ಹೊಸ ನಿಯಮ ಬಂತು. ತಾಯಿ ಮಗುವನ್ನು ಮುಟ್ಟುವ ಎಲ್ಲರೂ ರಕ್ತ ಪರೀಕ್ಷೆ ಮಾಡಿಸಬೇಕು. ಮಾಡಿಸಿದೆ. ಹೆದರಿಕೆ ಏನಿತ್ತು? ನಾಲ್ಕನೇ ದಿನ ದೊಡ್ಡ ಸಿಸ್ಟರು ಡ್ಯೂಟಿ ಕೋಣೆಯಲ್ಲಿ ಎಲ್ಲರ ಎದುರಿಗೆ ಕಾಗದ ನೋಡಿದರು. ನನ್ನ ಮುಖ ನೋಡಲಿಲ್ಲ.

"ನೀನು ಹದಿಮೂರಕ್ಕೆ ಹೋಗು" ಎಂದರು.

 ಹದಿಮೂರು ಎಂದರೆ ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಹಿಂಭಾಗದಲ್ಲಿ, ಜನರೇಟರ್ ಆಚೆಗೆ, ಬೇರೆ ಬಾಗಿಲಿನ ಕೋಣೆ. ಒಂದು ಬೆಂಚು, ಒಂದು ಮೇಜು, ಒಂದು ನೀಲಿ ಪರದೆ. ಪರದೆಯ ಆಚೆ ಸೂಜಿ. ಗುಪ್ತರೋಗದ ಕೋಣೆ ಎನ್ನುತ್ತಾರೆ, ಆದರೆ ಅಲ್ಲಿಗೆ ಹೋದವರ ವಿಷಯ ಮಾತ್ರ ಒಂದು ಗಂಟೆಯೂ ಗುಪ್ತವಾಗಿ ಉಳಿಯುವುದಿಲ್ಲ.

"ನನಗಾ ಅಮ್ಮ? ಯಾರದೋ ಕಾಗದ ಇರಬೇಕು, ಸರಿಯಾಗಿ ನೋಡಿ" ಎಂದೆ.

"ನಿನ್ನದೇ. ಸಿಫಿಲಿಸ್. ಇಷ್ಟು ವರ್ಷ ಈ ಕೈಯಲ್ಲಿ ಮಕ್ಕಳನ್ನ ಮುಟ್ಟಿದ್ದೀಯಲ್ಲ, ಥೂ!" ಎಂದವರು ಅಲ್ಲೇ ನಲ್ಲಿ ತಿರುಗಿಸಿ ತಮ್ಮ ಕೈ ತೊಳೆದುಕೊಂಡರು. ಅವತ್ತು ಬೆಳಗ್ಗೆ ನಾನು ಕೊಟ್ಟ ಟೀ ಕುಡಿದಿದ್ದರು. ಇಪ್ಪತ್ತೆರಡು ವರ್ಷ ಕುಡಿದಿದ್ದಾರೆ.

ಹೀಗೆ ನಾನು ಹದಿಮೂರಕ್ಕೆ ಬಂದು ಈ ಗುಮಾಸ್ತನ ಎದುರು ನಿಂತಿದ್ದೆ. ಅವನ ಫಾರ್ಮಿನಲ್ಲಿ ಒಂದು ಕಲಂ ಇತ್ತು, 'ಯಾರಿಂದ ಬಂತು'. ಅದು ಖಾಲಿ ಇದ್ದರೆ ಸೂಜಿ ಇಲ್ಲ. ವಾರಕ್ಕೊಂದರಂತೆ ಮೂರು ಸೂಜಿಯ ಮೊಹರು ಬೀಳದಿದ್ದರೆ ಕೆಲಸಕ್ಕೆ ವಾಪಸ್ ಸೇರಿಸುವ ಚೀಟಿ ಇಲ್ಲ.

"ಹೋಗಿ ಜ್ಞಾಪಿಸ್ಕೊಂಡು ಬಾ" ಎಂದ. "ಮುಂದಿನವರು ಬನ್ನಿ."

ಹೊರಗೆ ಬಂದರೆ ಲಾಂಡ್ರಿಯವಳು ಸೆರಗು ಹಿಡಿದು ಪಕ್ಕಕ್ಕೆ ಎಳೆದಳು. ನಮ್ಮ ಆಸ್ಪತ್ರೆಯ ರಕ್ತದ ಹಾಸುಬಟ್ಟೆ ಒಗೆಯುತ್ತಿದ್ದವಳು. ಮೂವತ್ತು ದಾಟಿಲ್ಲ. ಇದೇ ಕಾಯಿಲೆ ಎಂದು ಅವಳನ್ನು ಎರಡು ತಿಂಗಳ ಹಿಂದೆ ಕೆಲಸದಿಂದ ತೆಗೆದುಹಾಕಿದ್ದರು.

"ನೀರಕ್ಕ, ನಿನಗೇನು ತಲೆ ಕೆಟ್ಟಿದೆಯಾ? ವಾಚ್‌ಮನ್ನಣ್ಣನ ಹೆಸರು ಹೇಳೋದಲ್ವಾ?"

"ಯಾವ ವಾಚ್‌ಮನ್ನು? ಗೇಟಿನಲ್ಲಿದ್ದವನಾ? ಅವನು ಸತ್ತು ಮೂರು ವರ್ಷ ಆಯ್ತಲ್ಲೇ."

"ಅದಕ್ಕೇ! ಸತ್ತವನಿಗೆ ಕಾಗದ ಹೋಗುತ್ತಾ? ನಾವೆಲ್ಲ ಅವನ ಹೆಸರೇ ಬರೆಸೋದು. ಗುಮಾಸ್ತನಿಗೂ ಗೊತ್ತು. ಕಲಂ ತುಂಬಿದ್ರೆ ಸಾಕು ಅವನಿಗೆ. ಬದುಕಿದ್ದಾಗ ಒಬ್ಬಳು ತಿರುಗಿ ನೋಡಲಿಲ್ಲ ಪಾಪ, ಈಗ ನೋಡು, ಫೈಲಿನಲ್ಲಿ ನಲವತ್ತು ಹೆಂಗಸರು!"

ನಗುತ್ತಾ ಬಲಗೈಯಿಂದ ಬಾಯಿ ಮುಚ್ಚಿಕೊಂಡಳು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಮೊದಲ ಸಲ ಅವಳು ಗಂಡನ ಹೆಸರನ್ನೇ, ಇದ್ದದ್ದು ಇದ್ದ ಹಾಗೆ, ಬರೆಸಿದ್ದಳಂತೆ. ಅವನಿಂದಲೇ ತಾನೇ ಬಂದದ್ದು? ಪರೀಕ್ಷೆಗೆ ಬಾ ಎಂದು ಮನೆಗೆ ಕಾಗದ ಹೋಯಿತು. ಅವನು ಬಂದದ್ದು ಪರೀಕ್ಷೆಗಲ್ಲ. ಮುರಿದ ಕೈಗೆ ಕಟ್ಟು ಹಾಕಿಸಿಕೊಂಡು ಅವಳು ಮತ್ತೆ ಇದೇ ಬೆಂಚಿಗೆ ಬಂದು ಕೂತಳು. ಅಂದಿನಿಂದ ವಾಚ್‌ಮನ್ನನ ಹೆಸರು ಚಾಲ್ತಿಗೆ ಬಂತು.

"ಹೇಳಿಬಿಡು ಅಕ್ಕ. ಅವನಿಗೇನು ನಷ್ಟ?"

ಅವನಿಗೇನೂ ನಷ್ಟವಿರಲಿಲ್ಲ. ನಷ್ಟವೆಲ್ಲ ನನ್ನದು. ಆದರೆ ಆ ಮಾತನ್ನು ಅವಳಿಗೆ ಹೇಗೆ ಹೇಳಲಿ? ಕೆಲಸ ಮುಗಿಸಿ ಕಾಲೆಳೆದುಕೊಂಡು ಬಂದಾಗ ಗೇಟಿನ ಹತ್ತಿರ ಆತ ತನ್ನ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದ. ನಾನು ಐದು ನಿಮಿಷ ಕೂರುತ್ತಿದ್ದೆ. ಇವತ್ತು ಎಷ್ಟು ಗಂಡು, ಎಷ್ಟು ಹೆಣ್ಣು ಎಂದು ಕೇಳುತ್ತಿದ್ದ. ನಾಲ್ಕು ಗಂಡು, ಆರು ಹೆಣ್ಣು ಎನ್ನುತ್ತಿದ್ದೆ. ಭಲೇ, ಎನ್ನುತ್ತಿದ್ದ, ನಾನೇ ಹೆತ್ತವಳ ಹಾಗೆ. ಅಷ್ಟೇ. ಹನ್ನೊಂದು ವರ್ಷ ಅಷ್ಟೇ. ಒಂದು ದಿನ ಕಾಲು ನೋವಿಗೆ ಎಣ್ಣೆ ತಂದು ಕುರ್ಚಿಯ ಮೇಲಿಟ್ಟು ಆಚೆ ಹೋಗಿ ನಿಂತ. ಕೈಗೂ ಕೊಡಲಿಲ್ಲ. ಅವನು ಕೇಳಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ. ಈಗ ಹೇಳುವುದಕ್ಕೆ ನಾಚಿಕೆಯಿಲ್ಲ. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಗದೇ ಹೋದದ್ದನ್ನು ಆಯಿತು ಎಂದು, ಅದೂ ಈ ಕಲಂನಲ್ಲಿ ಬರೆಸಲಾ? ಸಾಯಲಿ, ನನ್ನಿಂದಾಗಲಿಲ್ಲ.

ಸೂಜಿ ಇಲ್ಲದೆ ವಾಪಸ್ ಹೋದೆ.

ಆಸ್ಪತ್ರೆಯ ಸ್ಟೋರಿನ ಹಿಂದೆ ಒಂದು ಕೋಣೆಯಲ್ಲಿ ನಾವು ಮೂರು ಜನ ಆಯಾಗಳು ಇರುತ್ತೇವೆ. ಅವತ್ತು ಹೋಗಿ ನೋಡಿದರೆ ನನ್ನ ಮಂಚ ಬಾಗಿಲ ಹತ್ತಿರ ಬಂದಿತ್ತು. ನನ್ನ ಲೋಟ, ತಟ್ಟೆ, ಬಕೆಟ್ಟು ಹೊರಗಿನ ಕಟ್ಟೆಯ ಮೇಲೆ. ಇಬ್ಬರೂ ನನಗಿಂತ ಚಿಕ್ಕವರು. ಒಬ್ಬಳ ಮಗುವಿನ ಮೊದಲ ಸ್ನಾನ ನನ್ನದೇ. "ಬೇಜಾರು ಮಾಡ್ಕೋಬೇಡ ಅಕ್ಕ, ಮಕ್ಕಳೊಂದಿಗರು ನಾವು" ಎಂದಳು. ಬೇಜಾರು ಮಾಡಿಕೊಂಡೆ. ಮಾಡಿಕೊಳ್ಳದೆ? ಸೆಕೆಗೆ ಮೈ ಬೆವೆತು ಹಾಸಿಗೆಗೆ ಅಂಟುತ್ತಿತ್ತು. ಫ್ಯಾನಿನ ಗಾಳಿ ಬಾಗಿಲ ತನಕ ಬರುತ್ತಿರಲಿಲ್ಲ. ಹತ್ತು ದಿನ ನನ್ನೊಂದಿಗೆ ಯಾರೂ ಮಾತಾಡಲಿಲ್ಲ. "ಸ್ವಲ್ಪ ಸರಿ" ಎಂದವರಿದ್ದಾರೆ, ಅದನ್ನು ಮಾತು ಎನ್ನುವುದಾದರೆ.

ಸ್ನಾನದ ಕೋಣೆಯಿಂದ ತೆಗೆದು ಹೆರಿಗೆ ಕೋಣೆಯ ಚರಂಡಿಗೆ ಹಾಕಿದರು. ರಕ್ತ, ನೀರು, ಹತ್ತಿ, ಕಟ್ಟಿಕೊಂಡಿದ್ದೆಲ್ಲ ಕೈ ಹಾಕಿ ಬಾಚಬೇಕು. ಮಗು ಮುಟ್ಟಲು ಕೊಳಕಾದ ಕೈ ಅದಕ್ಕೆ ಸಾಕಷ್ಟು ಚೊಕ್ಕಟವಾಗಿತ್ತು. ಗೋಡೆಯ ಆಚೆ ಮಕ್ಕಳು ಅಳುತ್ತಿದ್ದವು. ಅಳು ಕೇಳಿದರೆ ನನಗೆ ಗೊತ್ತಾಗುತ್ತದೆ. ಇದು ಹಸಿವು, ಇದು ಚಳಿ, ಇದು ನೀರು ಬಿಸಿ ಹೆಚ್ಚಾದದ್ದು. ನನ್ನ ಜಾಗಕ್ಕೆ ಬಂದ ಹೊಸಬಳು ಬೆರಳು ಅದ್ದಿ ನೋಡುವವಳು. ನಾನು ಚರಂಡಿಯಲ್ಲಿ ಕೈಯಿಟ್ಟುಕೊಂಡು ಹಲ್ಲು ಕಚ್ಚಿಕೊಳ್ಳುತ್ತಿದ್ದೆ.

ಹನ್ನೊಂದನೇ ದಿನ ದೊಡ್ಡ ಸಿಸ್ಟರು ಕರೆದು ಹೇಳಿದರು. "ಇವತ್ತು ಮೊದಲ ಸೂಜಿ ಹಾಕಿಸ್ಕೊಂಡು ಮೊಹರು ತಂದ್ರೆ ಸರಿ. ಇಲ್ಲದಿದ್ರೆ ನಾಳೆಯಿಂದ ಬರಬೇಡ. ಕೋಣೆಯನ್ನೂ ಖಾಲಿ ಮಾಡು."

ಮತ್ತೆ ಹದಿಮೂರಕ್ಕೆ ಹೋದೆ. ಬೆಂಚು ತುಂಬಿತ್ತು. ಅವತ್ತು ಹೊಸ ಡಾಕ್ಟರಮ್ಮ ಬಂದಿದ್ದರು. ಚಿಕ್ಕ ಪ್ರಾಯ. ನಾನು ಕುಂಟಿಕೊಂಡು ಬಂದದ್ದನ್ನು ನೋಡಿ, "ನಿಮ್ಮ ಕಾಲಿಗೇನಾಯ್ತು? ಸ್ವಲ್ಪ ಸೀರೆ ಎತ್ತಿ, ನೋಡ್ತೀನಿ" ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಆ ಆಸ್ಪತ್ರೆಯಲ್ಲಿ ಯಾರೂ ನನಗೆ 'ನೀವು' ಎಂದಿರಲಿಲ್ಲ. ಗಾಬರಿಯಾಯಿತು.

ಮೂಳೆಯ ಮೇಲೆ ಬೆರಳಾಡಿಸಿದರು. ಮೊಣಕಾಲ ಕೆಳಗಿನ ಹಳೆಯ ಕಲೆ ನೋಡಿದರು. "ಚಿಕ್ಕವರಿದ್ದಾಗ ಹುಣ್ಣಾಗಿತ್ತಾ? ಕೆಂಪಗೆ ಉಬ್ಬಿ, ನೊಣ ಮುತ್ತೋ ಹುಣ್ಣು? ಮನೇಲಿ ಬೇರೆ ಮಕ್ಕಳಿಗೂ?"

 ಆ ಹುಣ್ಣಿನ ಬಗ್ಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ನನ್ನ ತಂಗಿ ಹೋದ ಮೇಲೆ ಆ ಮಾತು ಆಡಲು ಜನವೇ ಇರಲಿಲ್ಲ.

ಹೇಳಿದೆ. ಹಳ್ಳದ ಆಚೆ, ಕಾಡಂಚಿನಲ್ಲಿ, ನಮ್ಮವರ ಒಂಬತ್ತು ಗುಡಿಸಲು. ಈಚೆ ರಸ್ತೆ, ರಸ್ತೆಯವರ ಮನೆಗಳು. ನನಗೆ ಏಳು, ತಂಗಿಗೆ ಐದು. ಒಂದೇ ಕಂಬಳಿ ಇಬ್ಬರಿಗೂ. ಮೊದಲು ಅವಳ ತುಟಿಯ ಹತ್ತಿರ ಹುಣ್ಣು. ಆಮೇಲೆ ನನ್ನ ಕಾಲಿಗೆ. ಹುಣ್ಣಿಗೆ ಸೂಜಿ ಹಾಕಲು ಸರ್ಕಾರದ ಜೀಪು ಬಂದಿದೆ ಎಂದು ಸುದ್ದಿ ಬಂತು. ಹಳ್ಳದಲ್ಲಿ ನೀರಿತ್ತು. ಜೀಪು ದಾಟಲಿಲ್ಲ. ಅಮ್ಮ ಒಬ್ಬಳನ್ನು ಸೊಂಟದ ಮೇಲೆ, ಒಬ್ಬಳನ್ನು ಹೆಗಲ ಮೇಲೆ ಹೊತ್ತು ಸೊಂಟದುದ್ದ ನೀರಿಗಿಳಿದಳು. ಈಚೆ ದಡದಲ್ಲಿ ರಸ್ತೆಯವರು ನಿಂತಿದ್ದರು. ಅವರ ಮಕ್ಕಳಿಗೆ ಸೂಜಿ ಆಗಿತ್ತು. "ಅಲ್ಲೇ ನಿಲ್ಲು, ಹತ್ತಬೇಡ, ನಮ್ಮ ಮಕ್ಕಳಿಗೆ ಅಂಟಿಸ್ತೀಯಾ" ಎಂದು ಕೂಗಿದರು. ಸೂಜಿಯವನು ಅಮ್ಮನನ್ನು ನೋಡಿದ. ನಮ್ಮನ್ನು ನೋಡಿದ. ಅಲ್ಲಿಂದಲೇ ಕೇಳಿದ, "ಹೆಸರೇನು?" ಅಮ್ಮ ನೀರಿನಲ್ಲಿ ನಿಂತು ನಮ್ಮ ಹೆಸರು ಕೂಗಿ ಹೇಳಿದಳು. ಬರೆದುಕೊಂಡ. ಪೆಟ್ಟಿಗೆ ಮುಚ್ಚಿದ. ಜೀಪು ಹೊರಟುಹೋಯಿತು.

ತಂಗಿಯ ಮೂಗು ಕರಗಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ದೊಡ್ಡವಳಾದಳು. ಹದಿನಾರಕ್ಕೆ ಜ್ವರ ಬಂದು ಸತ್ತಳು. ಹೆಣ ಮುಟ್ಟಲು ಒಬ್ಬರೂ ಬರಲಿಲ್ಲ. ನಾನೇ ತೊಳೆದೆ. ಈ ಕೈ ಮೊದಲು ಸ್ನಾನ ಮಾಡಿಸಿದ್ದು ಅವಳಿಗೆ.

ಡಾಕ್ಟರಮ್ಮ ನನ್ನ ಸೀರೆಯ ಅಂಚನ್ನು ಕೆಳಗೆ ಬಿಟ್ಟರು. ಆಮೇಲೆ ಹೇಳಿದರು. "ಅದರ ಹೆಸರು ಯಾಸ್. ಸೆಕೆ ಮಳೆ ಇರೋ ಕಡೆ, ಬಡ ಮಕ್ಕಳಲ್ಲಿ ಮೈಯಿಂದ ಮೈಗೆ ಹರಡ್ತಿತ್ತು. ಸಿಫಿಲಿಸ್ ಕ್ರಿಮಿಗೂ ಇದಕ್ಕೂ ತುಂಬಾ ಹತ್ತಿರದ ನೆಂಟಸ್ತಿಕೆ. ರಕ್ತ ಪರೀಕ್ಷೆಗೆ ಯಾವುದು ಇದು, ಯಾವುದು ಅದು ಅಂತ ಗೊತ್ತಾಗಲ್ಲ. ನಿಮ್ಮದು ಅದೇ ಹಳೇ ಹುಣ್ಣು ಅಂತ ನನಗನ್ನಿಸುತ್ತೆ. ಗಂಡಸಿಗೂ ಇದಕ್ಕೂ ಸಂಬಂಧ ಇಲ್ಲ."

"ಅವತ್ತು ಸೂಜಿ ಹಾಕಿದ್ದಿದ್ರೆ?"

"ಒಂದೇ ಸೂಜಿ ಸಾಕಾಗ್ತಿತ್ತು" ಎಂದು ತಲೆ ತಗ್ಗಿಸಿದರು.

ದೊಡ್ಡ ಸಿಸ್ಟರನ್ನು ಕರೆಸಿದರು. ಅವರು ಬಂದವರೇ ಬಾಗಿಲಲ್ಲಿ ನಿಂತು ಡಾಕ್ಟರಮ್ಮ ಹೇಳಿದ್ದನ್ನು ಕೇಳಿಸಿಕೊಂಡರು, ಮುಖ ಅರಳಿತು. "ನಾನು ಮೊದಲೇ ಅಂದ್ಕೊಂಡಿದ್ದೆ! ನಮ್ಮ ನೀರಕ್ಕ ಅಂಥವಳಲ್ಲ. ಡಾಕ್ಟ್ರೇ, ಅದನ್ನೇ ಬರ್ಕೊಡಿ. ಕೆಟ್ಟ ಕಾಯಿಲೆ ಅಲ್ಲ, ನಡತೆ ಒಳ್ಳೇದು ಅಂತ. ನಾಳೆಯಿಂದ ಸ್ನಾನದ ಕೋಣೆಗೆ ಬಂದುಬಿಡಲಿ. ಸೂಜೀನೂ ಮುಂದುಗಡೆ ವಾರ್ಡಲ್ಲೇ ಹಾಕೋಣ, ಈ ಹೊಲಸು ಜಾಗ ಯಾಕೆ? ಬಾ ಬಾ, ಎದ್ದೇಳು ಆ ಬೆಂಚಿಂದ."

ಡಾಕ್ಟರಮ್ಮ ಬರೆದರು. ಕಾಗದ ನನ್ನ ಕೈಗೆ ಬಂತು. ಎಷ್ಟು ಹಗುರವಿತ್ತು! ಸ್ನಾನದ ಕೋಣೆ, ಹಂಡೆ, ಮಣೆ, ಕಾಲ ಮೇಲೆ ಒದ್ದೆ ಮಗು, ಎಲ್ಲ ಅದರಲ್ಲಿತ್ತು. ಹೌದು, ನನಗೆ ಆಸೆಯಾಯಿತು. ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು. ಎದ್ದು ನಿಂತೆ.

ಎದ್ದಾಗ ಬೆಂಚಿನ ಮೇಲಿದ್ದ ಹೆಂಗಸರು ಕಣ್ಣಿಗೆ ಬಿದ್ದರು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಲಾಂಡ್ರಿಯವಳು ತನ್ನ ಸೊಟ್ಟ ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳು ಮುಖ ತಿರುಗಿಸಿಕೊಂಡ ರೀತಿ, ನನ್ನ ತಂಗಿ ದಾರಿಯಲ್ಲಿ ಜನ ಕಂಡಾಗ ತಿರುಗಿಸಿಕೊಳ್ಳುತ್ತಿದ್ದ ರೀತಿ.

"ಡಾಕ್ಟ್ರಮ್ಮ, ಒಂದು ಮಾತು" ಎಂದೆ. "ನನಗೆ ಆ ಕಾಯಿಲೇನೇ ಇದ್ದಿದ್ರೆ, ಸ್ನಾನ ಮಾಡಿಸಿದ್ರೆ ಮಗುವಿಗೆ ಬರ್ತಿತ್ತಾ?"

"ಕೈಯಲ್ಲಿ ಹುಣ್ಣಿಲ್ಲದಿದ್ರೆ ಇಲ್ಲ."

"ಬಟ್ಟೆ ಒಗೆದ್ರೆ?"

"ಇಲ್ಲ."

"ಮತ್ತೆ ಇವಳನ್ನ ಯಾಕೆ ತೆಗೆದ್ರಿ?" ಲಾಂಡ್ರಿಯವಳ ಕಡೆ ಕೈ ತೋರಿಸಿದೆ. "ಸೂಜಿ ಬೇರೆಯಾ ನಮ್ಮಿಬ್ಬರಿಗೂ?"

"ಔಷಧಿ ಅದೇ."

"ಹಾಗಾದ್ರೆ ಅದನ್ನ ಬರೀರಿ. ಮುಟ್ಟಿದ್ರೆ ಬರಲ್ಲ, ಕೆಲಸಕ್ಕೆ ತಗೋಬಹುದು ಅಂತ. ಎಲ್ಲರಿಗೂ ಬರೀರಿ. ನಡತೆ ಮಾತು ತೆಗೆದುಹಾಕಿ."

ಡಾಕ್ಟರಮ್ಮ ದೊಡ್ಡ ಸಿಸ್ಟರ ಮುಖ ನೋಡಿದರು. "ನಿಯಮ... ಅದು ನನ್ನ ಕೈಯಲ್ಲಿಲ್ಲ" ಎಂದರು. ಒಳ್ಳೆಯವರು. ಆದರೆ ಅವರ ಒಳ್ಳೆಯತನ ಅಲ್ಲಿಗೆ ಮುಗಿಯಿತು.

"ಏನೇ ನಿನ್ನ ಕೊಬ್ಬು!" ಎಂದರು ದೊಡ್ಡ ಸಿಸ್ಟರು. "ನಿನಗೆ ಮರ್ಯಾದೆ ವಾಪಸ್ ಕೊಡ್ತಿದ್ದೀವಿ. ಇವರ ಜೊತೆ ಸೇರ್ತೀಯಾ?"

ಮೈಯೆಲ್ಲ ಉರಿಯಿತು. "ನನ್ನ ಮರ್ಯಾದೆ ನಿಮ್ಮ ಹತ್ತಿರ ಯಾವಾಗ ಇತ್ತಮ್ಮ, ವಾಪಸ್ ಕೊಡೋಕೆ? ಈ ಕಾಲನ್ನ ಇಪ್ಪತ್ತೆರಡು ವರ್ಷ ದಿನಾ ನೋಡಿದ್ರಿ. ತೊಟ್ಟಿಲು ಅಂದ್ರಿ. ಇದು ಯಾಕೆ ಹೀಗಾಯ್ತು ಅಂತ ಒಂದು ದಿನ ಕೇಳಿದ್ರಾ?"

ಕಾಗದವನ್ನು ಮೇಜಿನ ಮೇಲಿಟ್ಟೆ. ಗುಮಾಸ್ತನ ಎದುರು ಹೋಗಿ ನಿಂತೆ.

"ಬರ್ಕೋ. ಯಾರಿಂದ ಬಂತು? ನನ್ನ ತಂಗಿಯಿಂದ. ವಯಸ್ಸು ಐದು."

"ಗಂಡಸಿನ ಹೆಸರು ಬೇಕಮ್ಮ ಇಲ್ಲಿ."

"ಗಂಡಸೇ ಬೇಕಾ? ಇದ್ದಾನೆ. ನಮ್ಮನ್ನ ನೀರಲ್ಲಿ ನಿಲ್ಲಿಸಿ ಪೆಟ್ಟಿಗೆ ಮುಚ್ಚಿದವನು ಗಂಡಸೇ. ಅವನ ಹೆಸರು ನನಗೆ ಗೊತ್ತಿಲ್ಲ, ನಿಮ್ಮ ಸರ್ಕಾರಕ್ಕೆ ಗೊತ್ತು. ನಲವತ್ತೆರಡು ವರ್ಷದ ಹಿಂದಿನ ಪುಸ್ತಕ ತೆಗೆದು ಹುಡುಕು. ಅದರಲ್ಲಿ ನನಗೂ ನನ್ನ ತಂಗಿಗೂ ಸೂಜಿ ಹಾಕಿದೆ ಅಂತ ಬರೆದಿರುತ್ತೆ. ಅವತ್ತು ಹೆಸರು ತಗೊಂಡ್ರಿ, ಸೂಜಿ ಹಾಕಲಿಲ್ಲ. ಇವತ್ತು ಹೆಸರು ಕೊಡದಿದ್ರೆ ಸೂಜಿ ಇಲ್ಲ ಅಂತೀರಿ. ನಾನು ಹೆಸರು ಕೊಡಲ್ಲ. ಸೂಜಿ ಹಾಕಿ. ಇಲ್ಲೇ ಹಾಕಿ, ಹದಿಮೂರರಲ್ಲೇ. ಹಾಕೋ ತನಕ ಏಳಲ್ಲ."

ಬೆಂಚಿನ ತುದಿಗೆ ಹೋಗಿ ಕೂತೆ. ಕಾಲು ಚಾಚಿದೆ.

ಹೆಂಗಸರು ಜೈ ಎನ್ನಲಿಲ್ಲ. ಯಾಕೆ ಎನ್ನುತ್ತಾರೆ? "ನಿನ್ನ ರಂಪಾಟದಲ್ಲಿ ನಮ್ಮ ಸೂಜಿ ತಪ್ಪಿತು, ಹಾಳಾದವಳೇ" ಎಂದಳು ಒಬ್ಬಳು. ಅವಳು ಹೇಳಿದ್ದು ಸರಿ. ದೊಡ್ಡ ಸಿಸ್ಟರು ಇವತ್ತು ಸೂಜಿ ಇಲ್ಲವೆಂದು ಎಲ್ಲರನ್ನೂ ಹೊರಡಿಸಿದರು. ಡಾಕ್ಟರಮ್ಮ ಚೀಲ ಎತ್ತಿಕೊಂಡು ನನ್ನ ಕಡೆ ನೋಡದೆ ಹೋದರು. ಹೆಂಗಸರು ಬೈದುಕೊಂಡು ಒಬ್ಬೊಬ್ಬರೇ ಎದ್ದರು. ಲಾಂಡ್ರಿಯವಳೊಬ್ಬಳು ಮೇಜಿನ ಹತ್ತಿರ ನಿಂತಿದ್ದಳು. ಸಣ್ಣ ದನಿಯಲ್ಲಿ ಗುಮಾಸ್ತನಿಗೆ ಹೇಳಿದಳು.

"ನನ್ನ ಕಾಗದದಲ್ಲಿರೋ ವಾಚ್‌ಮನ್ನಣ್ಣನ ಹೆಸರು ಹೊಡೆದುಹಾಕಿ."

"ಹೊಡೆದು? ಏನು ಬರೀಲಿ?"

"ಏನೂ ಬರೀಬೇಡಿ" ಎಂದು ಹೊರಟುಹೋದಳು. ನನ್ನನ್ನು ತಿರುಗಿ ನೋಡಲಿಲ್ಲ. ಮನೆಯಲ್ಲಿ ಅವಳ ಗಂಡನಿದ್ದಾನೆ.

ಗುಮಾಸ್ತ ಫ್ಯಾನು ಆರಿಸಿ ಊಟಕ್ಕೆ ಹೋದ. ಸೆಕೆ ಇಳಿದು ಬಂದು ಪಕ್ಕದಲ್ಲೇ ಕೂತಿತು. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇದ್ದೇನೆ ಎನ್ನಿಸಿತು. ಗೇಟಿನ ಹತ್ತಿರ ಆ ಕುರ್ಚಿ ಇದ್ದಿದ್ದರೆ ಹೋಗಿ ಐದು ನಿಮಿಷ ಕೂತು ಅತ್ತು ಬರುತ್ತಿದ್ದೆ. ಅದನ್ನೂ ಎತ್ತಿ ಹಾಕಿದ್ದಾರೆ. ಸೊಟ್ಟ ಕಾಲಿನ ಮೇಲೆ ಕೈಯಿಟ್ಟುಕೊಂಡು, ಮಗು ಕೂರುವ ತಗ್ಗನ್ನು ಸವರುತ್ತಾ ಕೂತಿದ್ದೆ.

ಆಗ ಎದುರು ಕಟ್ಟಡದ ಸ್ನಾನದ ಕೋಣೆಯಿಂದ ಅಳು ಕೇಳಿಸಿತು. ಈಗಷ್ಟೇ ಹುಟ್ಟಿದ್ದು. ಹಸಿವಲ್ಲ, ಚಳಿಯಲ್ಲ. ಕೇಳಿದ ಕೂಡಲೇ ಗೊತ್ತಾಯಿತು. ಕಿಟಕಿಗೆ ಬಾಯಿಟ್ಟು ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ.

"ನೀರು ಸುಡ್ತಿದೆ ಕಣೇ! ತಣ್ಣೀರು ಬೆರೆಸೇ! ಮೊಣಕೈ ಅದ್ದಿ ನೋಡೇ!"

ಚೊಂಬು ಹಂಡೆಗೆ ತಾಗಿದ ಸದ್ದಾಯಿತು. ನೀರು ಸುರಿದ ಸದ್ದು. ಅಳು ಇನ್ನೊಂದು ಸಲ ಎದ್ದು, ಕುಗ್ಗಿ, ನಿಂತಿತು.

"ಸರಿಹೋಯ್ತು ನೀರಕ್ಕ!" ಎಂದು ಹೊಸಬಳು ಒಳಗಿಂದ ಕೂಗಿದಳು. "ಬರ್ತೀಯಾ ಈ ಕಡೆ?"

"ಇಲ್ಲ" ಎಂದೆ. ಬಂದು ಬೆಂಚಿನ ಮೇಲೆ ಕೂತೆ.